ಬಿಟ್ಟಿಯಾಗಿ ಸಿಗದ ಬಿಸಿ

ಡಿಸೆಂಬರ್ ಕಾಲಿಟ್ಟಿತೆಂದರೆ ಮಿನಿಯಾಪೊಲಿಸ್, ಶಿಕಾಗೊ, ಡೆಟ್ರಾಯಿಟ್, ಟೊರಾಂಟೊಗಳಲ್ಲಿ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಸೇರಿ ಓಡಿಸುವ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದೇ ಬಗೆಯ ದೂರು. ಬೇಸಿಗೆಯಲ್ಲಿ ಲೀಟರಿಗೆ 20 ಕಿಲೋಮೀಟರ್ ದಾಟುತ್ತಿದ್ದ ಗಾಡಿ ಈಗ 15 ಮುಟ್ಟಲು ತಿಣುಕುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸದ್ದಿಲ್ಲದೆ ಆರಿಹೋಗುತ್ತಿದ್ದ ಎಂಜಿನ್ ಈಗ ಗುರುಗುಡುತ್ತಲೇ ಇರುತ್ತದೆ. ದೊಡ್ಡ ಬ್ಯಾಟರಿ ಕೈಕೊಟ್ಟಿತೇನೋ ಎಂಬ ಭಯದಲ್ಲಿ ಗ್ಯಾರೇಜಿಗೆ ಒಯ್ದರೆ, ಎಲ್ಲ ಸರಿಯಿದೆ ಎಂದು ವಾಪಸ್ ಕಳಿಸುತ್ತಾರೆ. ನಿಜಕ್ಕೂ ಎಲ್ಲ ಸರಿಯೇ ಇರುತ್ತದೆ. ಕಾರು ಒಳಗೆ ಕೂತವರನ್ನು ಬೆಚ್ಚಗಿಡಲು ಪೆಟ್ರೋಲ್ ಸುಡುತ್ತಿರುತ್ತದೆ, ಅಷ್ಟೆ.

ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ ಹೀಗಿದೆ. ಹೊರಗೆ ಸೊನ್ನೆಗಿಂತ 7 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದರೆ, 25 ಡಿಗ್ರಿಯ ಹಿತವಾದ ದಿನಕ್ಕಿಂತ ಸಾಮಾನ್ಯ ಪೆಟ್ರೋಲ್ ಕಾರಿನ ಊರೊಳಗಿನ ಮೈಲೇಜ್ ಸುಮಾರು ಶೇ 15ರಷ್ಟು ಇಳಿಯುತ್ತದೆ. ಐದಾರು ಕಿಲೋಮೀಟರಿನ ಗಿಡ್ಡ ಓಡಾಟವಾದರೆ ಇಳಿಕೆ ಶೇ 24ರವರೆಗೂ ಹೋಗಬಹುದು. ಹೈಬ್ರಿಡ್ ಕಾರಿನಲ್ಲಿ ಇದೇ ಚಳಿಗೆ ಶೇ 30ರಿಂದ 34ರಷ್ಟು ಖೋತಾ. ಮಿತವ್ಯಯಕ್ಕೆಂದೇ ಹುಟ್ಟಿದ ಗಾಡಿಗೆ ಚಳಿಯ ಪೆಟ್ಟು ದುಪ್ಪಟ್ಟು ಬೀಳುವುದೇಕೆ?

ಎಲ್ಲ ಕಾರುಗಳಿಗೂ ಸಮಾನವಾದ ಕಾರಣಗಳು ಕೆಲವಿವೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು ಶೇ 16ರಷ್ಟು ಭಾರ. ಹೆದ್ದಾರಿಯಲ್ಲಿ ಅದನ್ನು ಸೀಳಿಕೊಂಡು ಹೋಗಲು ಅಷ್ಟೇ ಹೆಚ್ಚು ಶಕ್ತಿ ಬೇಕು. ಎಂಜಿನ್ ಆಯಿಲ್, ಗೇರ್ ಆಯಿಲ್ ಮಂದವಾಗುತ್ತವೆ. ತಾಪಮಾನ ಐದಾರು ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಕಮ್ಮಿಯಾಗುತ್ತದೆ. ಚಳಿಗಾಲಕ್ಕೆಂದು ಬೇಗ ಆವಿಯಾಗುವಂತೆ ಬೆರಕೆ ಮಾಡಿದ ಪೆಟ್ರೋಲ್‌ನಲ್ಲಿ ಕಸುವೂ ತುಸು ಕಡಿಮೆ. ಇವೆಲ್ಲ ಸಾಮಾನ್ಯ ಕಾರು ತೆರುವ ಸುಂಕ. ಹೈಬ್ರಿಡ್ ಇದರ ಮೇಲೆ ಇನ್ನೊಂದನ್ನು ತೆರುತ್ತದೆ, ಅದು ಬಿಸಿಯ ಬೆಲೆ.

ಮಲೆನಾಡಿನ ಹಳೆಯ ಅಡುಗೆಮನೆಯಲ್ಲಿ ಸೌದೆ ಒಲೆ ಅನ್ನ ಬೇಯಿಸುತ್ತಲೇ ಸುತ್ತ ಕೂತವರ ಮೈಯನ್ನೂ ಕಾಯಿಸುತ್ತಿತ್ತು. ಇಂಡಕ್ಷನ್ ಒಲೆ ಅನ್ನವನ್ನಷ್ಟೇ ಬೇಯಿಸುತ್ತದೆ, ಅದರ ಮುಂದೆ ಕೈ ಚಾಚಿದರೆ ಕಾವಿಲ್ಲ. ಮಾಮೂಲಿ ಕಾರಿಗೂ ಹೈಬ್ರಿಡ್‌ಗೂ ಇರುವ ವ್ಯತ್ಯಾಸ ಇದೇ. ಮಾಮೂಲಿ ಎಂಜಿನ್ ಸುಟ್ಟ ಪೆಟ್ರೋಲ್‌ನ ಹೆಚ್ಚಿನ ಪಾಲನ್ನು ಬಿಸಿಯಾಗಿ ಚೆಲ್ಲಿಬಿಡುತ್ತದೆ. ಕಾರಿನ ಹೀಟರ್ ಆ ಚೆಲ್ಲಿದ್ದರಲ್ಲೇ ಒಂದಿಷ್ಟನ್ನು ಎತ್ತಿಕೊಂಡು ಒಳಗೆ ಊದುತ್ತದೆ. ನೂರು ವರ್ಷ ಮೋಟಾರು ಪ್ರಪಂಚ ಹೀಟರನ್ನು ಪುಕ್ಕಟೆ ಎಂದೇ ನಂಬಿಕೊಂಡಿತ್ತು.

ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಅಡಗಿರುವ ಶಕ್ತಿಯನ್ನು ನಮ್ಮ ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು 9 ಯೂನಿಟ್. ಲೀಟರಿಗೆ 8 ಕಿಲೋಮೀಟರ್ ಕೊಡುವ ದೊಡ್ಡ ಎಸ್‌ಯುವಿ ಊರೊಳಗೆ ಗಂಟೆಗೆ 30 ಕಿಲೋಮೀಟರ್ ಸರಾಸರಿಯಲ್ಲಿ ಓಡಿದರೆ, ಒಂದು ಗಂಟೆಗೆ ಸುಮಾರು 34 ಯೂನಿಟ್ ಶಕ್ತಿ ಸುಡುತ್ತದೆ. ಅದರಲ್ಲಿ ಕಾಲುಭಾಗ ಚಕ್ರ ತಿರುಗಿಸಲು ಹೋಯಿತು ಎನ್ನೋಣ. ಉಳಿದ ಇಪ್ಪತ್ತೈದು ಚಿಲ್ಲರೆ ಯೂನಿಟ್ ಬಿಸಿ. ಅರ್ಧ ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯೊಂದಿಗೆ ಹೋದರೂ ಎಂಜಿನ್ ಸುತ್ತ ಹರಿಯುವ ಕೂಲಂಟ್ ನೀರಿಗೆ ಹನ್ನೆರಡು ಹದಿಮೂರು ಯೂನಿಟ್ ಸಿಗುತ್ತದೆ. ಕಡು ಚಳಿಯಲ್ಲಿ ಕಾರಿನ ಒಳಗನ್ನು ಬೆಚ್ಚಗಿಡಲು ಗಂಟೆಗೆ ನಾಲ್ಕೈದು ಯೂನಿಟ್ ಸಾಕು. ಸುಭಿಕ್ಷವೋ ಸುಭಿಕ್ಷ.

ಈಗ ಅದೇ ರಸ್ತೆಯಲ್ಲಿ ಟೊಯೊಟಾದ ಹೈಬ್ರಿಡ್ ಕಾರು ಪ್ರಿಯಸ್. ಲೀಟರಿಗೆ 20 ಕಿಲೋಮೀಟರ್ ಲೆಕ್ಕದಲ್ಲಿ ಗಂಟೆಗೆ ಒಂದೂವರೆ ಲೀಟರ್, ಅಂದರೆ 13 ಚಿಲ್ಲರೆ ಯೂನಿಟ್. 2009ರಲ್ಲಿ ಬಂದ ಮೂರನೇ ತಲೆಮಾರಿನ ಪ್ರಿಯಸ್‌ನ 1.8 ಲೀಟರ್ ಎಂಜಿನ್ ತನ್ನ ಒಳ್ಳೆಯ ಗಳಿಗೆಯಲ್ಲಿ ಶೇ 38ರಷ್ಟು ಶಕ್ತಿಯನ್ನು ಕೆಲಸಕ್ಕೆ ತಿರುಗಿಸುತ್ತಿತ್ತು. ಮುಂದಿನ ತಲೆಮಾರು ಶೇ 40 ಮುಟ್ಟಿತು. ಹಾಗಾಗಿ ಉಳಿಯುವ ಬಿಸಿ ಎಂಟೊಂಬತ್ತು ಯೂನಿಟ್, ಕೂಲಂಟ್ ಪಾಲಿಗೆ ಬರುವುದು ನಾಲ್ಕು ನಾಲ್ಕೂವರೆ. ಅದರಲ್ಲೂ ಹೊರಗಿನ ಕೊರೆಯುವ ಗಾಳಿ ಎಂಜಿನ್ ಮೈಗೆ ಬಡಿದು ಒಂದಿಷ್ಟು ಕಿತ್ತುಕೊಂಡು ಹೋಗುತ್ತದೆ. ಹೀಟರ್ ಕೇಳುವುದಕ್ಕೂ ಎಂಜಿನ್ ಕೊಡುವುದಕ್ಕೂ ಮಧ್ಯೆ ಕಂದಕ ಬಿತ್ತು. ಅದನ್ನು ತುಂಬಲು ಕಾರಿನ ಕಂಪ್ಯೂಟರಿಗೆ ಗೊತ್ತಿರುವ ದಾರಿ ಒಂದೇ: ಚಕ್ರಕ್ಕೆ ಬೇಡದಿದ್ದರೂ ಎಂಜಿನ್ ಓಡಿಸುವುದು. ನಿಂತಲ್ಲಿ ಎಂಜಿನ್ ಆರಿಸಿ ಉಳಿಸುವ ಗುಣವೇ ಹೈಬ್ರಿಡ್‌ನ ಪ್ರಾಣ; ಚಳಿ ಕೈಹಾಕುವುದು ಅಲ್ಲಿಗೇ.

ತಯಾರಕರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. 2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನ ಉತ್ತರ ಅಮೆರಿಕದ ಮಾದರಿಯಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ಸುಮಾರು 3 ಲೀಟರ್ ಬಿಸಿ ಕೂಲಂಟನ್ನು ನಿರ್ವಾತ ಗೋಡೆಯ ಫ್ಲಾಸ್ಕೊಂದರಲ್ಲಿ ತುಂಬಿಟ್ಟು, ಮೂರು ದಿನದವರೆಗೂ ಬಿಸಿಯಾಗಿ ಕಾಪಿಟ್ಟು, ಮತ್ತೆ ಗಾಡಿ ಶುರುಮಾಡುವ ಮೊದಲು ಎಂಜಿನ್ನಿನ ತಲೆಭಾಗಕ್ಕೆ ಪಂಪ್ ಮಾಡುತ್ತಿತ್ತು. ಉದ್ದೇಶ ಹೊಗೆಯ ವಿಷ ಕಡಿಮೆ ಮಾಡುವುದಾಗಿದ್ದರೂ, ನಿನ್ನೆಯ ಬಿಸಿಯನ್ನು ಇಂದಿಗೆ ಉಳಿಸಿಡುವ ಆ ಯೋಚನೆ ನನಗೆ ಬಹಳ ಮೆಚ್ಚುಗೆಯಾದದ್ದು. ಮುಂದಿನ ತಲೆಮಾರಿನಲ್ಲಿ ಫ್ಲಾಸ್ಕ್ ಹೋಯಿತು. ಬದಲಿಗೆ ಸೈಲೆನ್ಸರ್ ಕೊಳವೆಯಲ್ಲಿ ಪೋಲಾಗುತ್ತಿದ್ದ ಹೊಗೆಯ ಬಿಸಿಯನ್ನು ಹಿಡಿದು ಕೂಲಂಟಿಗೆ ದಾಟಿಸುವ ವ್ಯವಸ್ಥೆ ಬಂತು. ನಾಲ್ಕನೆಯದರಲ್ಲಿ ಮುಂಭಾಗದ ಗ್ರಿಲ್ಲನ್ನು ತಾವಾಗಿ ಮುಚ್ಚುವ ರೆಕ್ಕೆಗಳೂ, ಜನ ಕೂತ ಸೀಟಿನ ಕಡೆಗಷ್ಟೇ ಗಾಳಿ ಊದುವ ಜಾಣ್ಮೆಯೂ ಸೇರಿದವು.

ಚಾಲಕರ ಕೈಯಲ್ಲಿ ಇರುವುದೇನು? ಮೊದಲನೆಯದು, ಹೀಟರ್ ಯಾವಾಗ ಹಾಕಬೇಕು ಎಂಬ ವಿವೇಕ. ಬೆಳಿಗ್ಗೆ ಕಾರು ಹತ್ತಿದ ಕೂಡಲೇ ಹೀಟರನ್ನು ಗರಿಷ್ಠಕ್ಕೆ ತಿರುಗಿಸುವುದು ಎಲ್ಲರ ಅಭ್ಯಾಸ. ಆಗ ಕೂಲಂಟ್ ಇನ್ನೂ ಹೆಪ್ಪುಗಟ್ಟುವ ಚಳಿಯಲ್ಲಿರುತ್ತದೆ. ಹೀಟರ್ ಅದರಲ್ಲಿ ಹುಟ್ಟಿಕೊಳ್ಳುತ್ತಿರುವ ಚೂರುಪಾರು ಕಾವನ್ನೂ ಹೀರಿಕೊಳ್ಳುತ್ತದೆ, ಮುಖಕ್ಕೆ ಬಡಿಯುವುದು ತಣ್ಣನೆ ಗಾಳಿಯೇ, ಎಂಜಿನ್ ಬೆಚ್ಚಗಾಗುವುದು ಇನ್ನಷ್ಟು ತಡ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಕೂಲಂಟ್ ಸುಮಾರು 40 ಡಿಗ್ರಿ ಮುಟ್ಟುವವರೆಗೆ ಎಂಜಿನ್ ಆರುವ ಮಾತೇ ಇಲ್ಲ. ಸುಮಾರು 70 ಡಿಗ್ರಿ ದಾಟಿದ ಮೇಲೆಯೇ ಅದು ತನ್ನ ಪೂರ್ತಿ ಮಿತವ್ಯಯಕ್ಕೆ ಇಳಿಯುವುದು. ಆದ್ದರಿಂದ ಗಾಜು ಸ್ವಚ್ಛವಾಗಿದ್ದರೆ ಮೊದಲ ಕೆಲವು ನಿಮಿಷ ಹೀಟರ್ ಬಂದ್ ಮಾಡಿಟ್ಟು, ಸೀಟಿನ ಬಿಸಿ ಹಾಕಿಕೊಂಡು ಹೊರಡುವುದು ಲೇಸು.

ಸೀಟ್ ಹೀಟರ್ ಈ ಕಥೆಯ ಎಲೆಮರೆಯ ಕಾಯಿ. ಒಂದು ಸೀಟಿಗೆ ಅದು ತಿನ್ನುವುದು 50ರಿಂದ 100 ವಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು. ಇಡೀ ಕಾರಿನ ಗಾಳಿ ಕಾಯಿಸಲು ನಾಲ್ಕೈದು ಸಾವಿರ ವಾಟ್ ಬೇಕು. ಬಿಸಿ ನೇರ ಬೆನ್ನಿಗೆ, ತೊಡೆಗೆ ತಾಗುವುದರಿಂದ ಎರಡು ನಿಮಿಷದಲ್ಲಿ ಮೈ ಒಪ್ಪುತ್ತದೆ. ಸ್ಟೀರಿಂಗ್ ಕಾಯಿಸುವ ಸೌಲಭ್ಯವಿದ್ದರೆ ಇನ್ನೂ ಉತ್ತಮ. ಮೈ ಬೆಚ್ಚಗಿದ್ದಾಗ ಒಳಗಿನ ಗಾಳಿ 24 ಡಿಗ್ರಿ ಇರಲೇಬೇಕೆಂಬ ಹಟ ತಾನಾಗಿ ಕರಗುತ್ತದೆ, 18ಕ್ಕೂ 19ಕ್ಕೂ ಹಾಯಾಗಿರಬಹುದು. ಸೆಟ್ಟಿಂಗ್ ಇಳಿಸಿದರೆ, ಇಕೋ ಮೋಡ್ ಹಾಕಿದರೆ, ಕಾರು ಕೂಲಂಟನ್ನು ಅಷ್ಟೊಂದು ಬಿಸಿಯಾಗಿ ಕಾಯ್ದುಕೊಳ್ಳಬೇಕೆಂದು ಹಠ ಹಿಡಿಯುವುದಿಲ್ಲ. ಎಂಜಿನ್ ಹೆಚ್ಚು ಹೊತ್ತು ಆರಿರುತ್ತದೆ. ದಪ್ಪ ಜಾಕೆಟ್, ಉಣ್ಣೆಯ ಟೋಪಿ, ಮಂಡಿಗೊಂದು ಕಂಬಳಿ ಎಲ್ಲವೂ ಪೆಟ್ರೋಲ್ ಉಳಿಸುವ ಸಾಧನಗಳೇ. ಆದರೆ ಹಿಂದಿನ ಸೀಟಿನಲ್ಲಿ ಹಸುಗೂಸೋ ವಯಸ್ಸಾದ ತಂದೆತಾಯಿಯೋ ಕೂತಿದ್ದಾಗ ಈ ಲೆಕ್ಕಾಚಾರ ಬದಿಗಿಡಬೇಕು. ಊರಿನಿಂದ ಮೊದಲ ಬಾರಿ ಮಗಳ ಮನೆಗೆ ಬಂದ ತಾಯಿ ನಡುಗುತ್ತಾ ಕೂತಿರುವಾಗ ಮೈಲೇಜ್ ಅಂಕಿ ನೋಡಿ ಹಿಗ್ಗುವುದಕ್ಕೆ ಅರ್ಥವಿಲ್ಲ. ಬಿಸಿಗೆ ಬೆಲೆ ಇದೆ ಎಂದು ತಿಳಿಯುವುದು ಬೇರೆ, ಬಿಸಿಯನ್ನೇ ಬೇಡವೆನ್ನುವುದು ಬೇರೆ.

ಗಾಜಿನ ವಿಷಯದಲ್ಲಂತೂ ಜಿಪುಣತನ ಕೂಡದು. ಮುಂದಿನ ಗಾಜಿನ ಡಿಫ್ರಾಸ್ಟ್ ಗುಂಡಿ ಒತ್ತಿದರೆ ಎಂಜಿನ್ ಬಹುಮಟ್ಟಿಗೆ ನಿಲ್ಲದೆ ಓಡುತ್ತದೆ, ಜೊತೆಗೆ ಗಾಳಿಯ ತೇವ ಹಿಂಡಲು ಎಸಿ ಕಂಪ್ರೆಸರೂ ಸೇರಿಕೊಳ್ಳುತ್ತದೆ. ಖರ್ಚಿನ ಬಾಬತ್ತು ಹೌದು. ಅದಕ್ಕೆ ಪರಿಹಾರ, ಮಂಜುಗಡ್ಡೆಯನ್ನು ಪೆಟ್ರೋಲ್‌ನಿಂದ ಕರಗಿಸುವ ಬದಲು ಕೈಯಲ್ಲಿ ಕೆರೆದು ತೆಗೆಯುವುದು, ರಾತ್ರಿಯೇ ಗಾಜಿಗೊಂದು ಹೊದಿಕೆ ಹಾಕುವುದು. ಮಸುಕು ಗಾಜಿನಲ್ಲಿ ಇಣುಕಿಕೊಂಡು ಓಡಿಸುವುದಲ್ಲ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ರೀಸರ್ಕ್ಯುಲೇಶನ್ ಗುಂಡಿ ಬಿಸಿ ಉಳಿಸುತ್ತದೆ, ನಿಜ. ಆದರೆ ನಾಲ್ಕು ಜನರ ಉಸಿರಿನ ತೇವವೂ ಬೂಟಿನ ಹಿಮ ಕರಗಿದ ನೀರೂ ಅದೇ ಗಾಳಿಯಲ್ಲಿ ಉಳಿದು ಗಾಜಿನ ಮೇಲೆ ಕೂರುತ್ತವೆ. ಒಬ್ಬರೇ ಇದ್ದಾಗ ಸ್ವಲ್ಪ ಹೊತ್ತು ಅದನ್ನು ಬಳಸಿ, ಮಬ್ಬು ಕಾಣುತ್ತಿದ್ದಂತೆ ಹೊರಗಿನ ಗಾಳಿಗೆ ತಿರುಗಿಸಬೇಕು.

ಎಂಜಿನ್ ಬಿಸಿಯನ್ನು ಪೆಟ್ರೋಲ್‌ನಿಂದ ಕೊಳ್ಳುವ ಬದಲು ಗೋಡೆಯ ಪ್ಲಗ್‌ನಿಂದ ಕೊಳ್ಳುವುದು ಚಳಿನಾಡಿನವರ ಹಳೆಯ ಉಪಾಯ. ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಎಂಬವರು ಎಂಜಿನ್ನಿನ ಬೋಲ್ಟ್ ಜಾಗದಲ್ಲಿ ಕೂರಿಸುವ ವಿದ್ಯುತ್ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಅಂದಿನ ಚಿಂತೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆಯೋ ಇಲ್ಲವೋ ಎಂಬುದು. ಇವತ್ತಿಗೂ ವಿನ್ನಿಪೆಗ್‌ನಲ್ಲಿ, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ, ಫಿನ್‌ಲೆಂಡಿನ ಊರುಗಳಲ್ಲಿ ಕಾರು ನಿಲ್ಲಿಸುವ ಜಾಗಗಳಲ್ಲಿ ಪ್ಲಗ್ ಕಂಬಗಳ ಸಾಲು ಕಾಣುತ್ತದೆ. ಎಷ್ಟೋ ಕಾರುಗಳ ಮೂತಿಯಿಂದ ಒಂದು ವೈರು ಇಣುಕುತ್ತಿರುತ್ತದೆ. ವಿದ್ಯುತ್ ಕಾರುಗಳು ಬರುವ ಎಷ್ಟೋ ಮೊದಲೇ ಆ ಜನ ಕಾರಿಗೆ ಪ್ಲಗ್ ಚುಚ್ಚುತ್ತಿದ್ದರು.

ಬ್ಲಾಕ್ ಹೀಟರ್ ಎಂದು ಕರೆಯುವ ಈ ಎಂಜಿನ್ ಹೀಟರ್ ಹೈಬ್ರಿಡ್‌ಗೆ ವಿಶೇಷವಾಗಿ ಒಗ್ಗುತ್ತದೆ. ಪ್ರಿಯಸ್‌ಗೆ ಸಿಗುತ್ತಿದ್ದದ್ದು 400 ವಾಟಿನದು. ಟೈಮರ್ ಇಟ್ಟು ಹೊರಡುವ ಎರಡು ಗಂಟೆ ಮೊದಲು ಹಚ್ಚಿದರೆ ಒಂದು ಯೂನಿಟ್ ಕರೆಂಟೂ ಪೂರ್ತಿ ಮುಗಿಯುವುದಿಲ್ಲ. ಎಂಜಿನ್ ಆಗಲೇ ಉಗುರುಬೆಚ್ಚಗಿರುತ್ತದೆ, ಆಯಿಲ್ ಸಲೀಸಾಗಿ ಹರಿಯುತ್ತದೆ, ಹೀಟರ್ ಬೇಗ ಬಿಸಿಗಾಳಿ ಊದುತ್ತದೆ, ಎಂಜಿನ್ ಮೊದಲ ಸಿಗ್ನಲ್‌ಗಳಲ್ಲೇ ಆರಲು ತೊಡಗುತ್ತದೆ. ಇಡೀ ರಾತ್ರಿ ಹಚ್ಚಿಡುವುದು ವ್ಯರ್ಥ. ಎರಡು ಮೂರು ಗಂಟೆಯಲ್ಲಿ ಎಂಜಿನ್ ಪಡೆಯುವಷ್ಟು ಕಾವು ಪಡೆದಿರುತ್ತದೆ, ಆಮೇಲೆ ಹಾಕಿದ ಕರೆಂಟೆಲ್ಲ ಊರಿಗೆ ಬಿಸಿ. ನನ್ನ ಮಾತು ಕೇಳುವುದಾದರೆ, ಗ್ಯಾರೇಜ್ ಇರುವ, ದಿನವೂ ಗಿಡ್ಡ ಓಡಾಟ ಮಾಡುವ ಹೈಬ್ರಿಡ್ ಮಾಲೀಕರು ಬೇರೇನು ಮಾಡದಿದ್ದರೂ ಇದೊಂದನ್ನು ಹಾಕಿಸಿಕೊಳ್ಳಬೇಕು. ಅಪಾರ್ಟ್‌ಮೆಂಟಿನ ಬಯಲು ಪಾರ್ಕಿಂಗ್‌ನಲ್ಲಿ ಕಾರು ಬಿಡುವವರಿಗೆ ಈ ಭಾಗ್ಯವಿಲ್ಲ, ಅದು ಬೇಸರದ ಸಂಗತಿ.

ಅಂಥವರಿಗೆ ಉಳಿದಿರುವುದು ಹುಟ್ಟಿದ ಬಿಸಿಯನ್ನು ಹೊರಗೆ ಹೋಗದಂತೆ ತಡೆಯುವುದು. ಹಳೆಯ ಪ್ರಿಯಸ್ ಮಾಲೀಕರು ನೀರಿನ ಪೈಪಿಗೆ ಹೊದಿಸುವ ಫೋಮ್ ಕೊಳವೆಯನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು, ಕತ್ತರಿಸಿ, ಮುಂಭಾಗದ ಗ್ರಿಲ್ಲಿನ ಸಂದಿಗಳಲ್ಲಿ ತುರುಕುತ್ತಾರೆ. ರೇಡಿಯೇಟರಿನ ಥರ್ಮೋಸ್ಟಾಟ್ ಸುಮಾರು 82 ಡಿಗ್ರಿವರೆಗೆ ಹೇಗೂ ಮುಚ್ಚಿಯೇ ಇರುತ್ತದಲ್ಲ, ಗ್ರಿಲ್ ಮುಚ್ಚಿ ಏನು ಲಾಭ ಎಂದು ಕೇಳಬಹುದು. ಲಾಭ ರೇಡಿಯೇಟರಿನಲ್ಲಿಲ್ಲ, ಎಂಜಿನ್ನಿನ ಮೈಯಲ್ಲಿದೆ. ಗಂಟೆಗೆ 80 ಕಿಲೋಮೀಟರ್ ವೇಗದ ಹಿಮಗಾಳಿ ನೇರ ಬಡಿಯುವುದು ತಪ್ಪಿದರೆ ಎಂಜಿನ್, ಗೇರ್‌ಪೆಟ್ಟಿಗೆ ಎರಡೂ ಕಾವು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಇದು ಅರೆಮನಸ್ಸಿನಲ್ಲಿ ಮಾಡುವ ಕೆಲಸವಲ್ಲ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗಿಸುವ ಇನ್ವರ್ಟರಿಗೂ ತಣ್ಣನೆ ಗಾಳಿ ಬೇಕು, ಆದ್ದರಿಂದ ಪೂರ್ತಿ ಮುಚ್ಚಬಾರದು. ಡ್ಯಾಶ್‌ಬೋರ್ಡಿನ ಕೆಳಗಿನ ಪೋರ್ಟಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಕೂಲಂಟ್ ತಾಪಮಾನದ ಮೇಲೆ ಕಣ್ಣಿಡಬೇಕು, ಚಳಿ ಇಳಿದ ವಾರವೇ ಕಿತ್ತು ತೆಗೆಯಬೇಕು. ಗ್ರಿಲ್ ತಾನೇ ಮುಚ್ಚಿಕೊಳ್ಳುವ ಹೊಸ ಕಾರುಗಳಲ್ಲಿ ಈ ಸಾಹಸ ಬೇಕಾಗಿಲ್ಲ.

ಓಡಾಟವನ್ನು ಜೋಡಿಸುವ ರೀತಿಯಲ್ಲೂ ಉಳಿತಾಯವಿದೆ. ಎಂಜಿನ್ ಪ್ರತಿ ಸಲ ತಣ್ಣಗಾಗಿ ಮತ್ತೆ ಕಾಯುವುದೇ ದೊಡ್ಡ ಖರ್ಚು. ಬೆಳಿಗ್ಗೆ ಹಾಲಿಗೆ, ಮಧ್ಯಾಹ್ನ ಲೈಬ್ರರಿಗೆ, ಸಂಜೆ ಮಗಳ ಭರತನಾಟ್ಯ ಕ್ಲಾಸಿಗೆ ಎಂದು ಮೂರು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಬೇಕು. ಅದರಲ್ಲೂ ದೂರದ ಜಾಗಕ್ಕೆ ಮೊದಲು ಹೋಗಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಹತ್ತಿರದ ಕೆಲಸಗಳನ್ನು ವಾಪಸ್ ಬರುತ್ತಾ ಮಾಡಿಕೊಳ್ಳಬೇಕು. ಹೊರಡುವ ಮುಂಚೆ ಹತ್ತು ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಕಾಯಿಸುವ ಪದ್ಧತಿ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಎಂಜಿನ್ನಿಗೆ ಅರ್ಧ ನಿಮಿಷ ಸಾಕು, ಮೆಲ್ಲಗೆ ಓಡಿಸುತ್ತಾ ಹೋದರೆ ಬೇಗ ಬಿಸಿಯಾಗುತ್ತದೆ.

ಚಳಿಯಲ್ಲಿ ದೊಡ್ಡ ಬ್ಯಾಟರಿಯೂ ಮಂಕಾಗುತ್ತದೆ. ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಬ್ರೇಕ್ ಒತ್ತಿದಾಗ ಹುಟ್ಟುವ ಕರೆಂಟನ್ನು ಪೂರ್ತಿ ತುಂಬಿಕೊಳ್ಳಲಾಗುವುದಿಲ್ಲ. ಲಿಥಿಯಂ ಬ್ಯಾಟರಿಗೆ ಹೆಪ್ಪುಗಟ್ಟುವ ಚಳಿಯಲ್ಲಿ ವೇಗವಾಗಿ ಚಾರ್ಜ್ ತುಂಬಿಸಿದರೆ ಹಾನಿಯೂ ಆಗುತ್ತದೆ, ಹಾಗಾಗಿ ಕಂಪ್ಯೂಟರೇ ತಡೆಯುತ್ತದೆ. 2019ರಲ್ಲಿ ಅಮೆರಿಕಕ್ಕೆ ನಾಲ್ಕೂ ಚಕ್ರ ಎಳೆಯುವ ಪ್ರಿಯಸ್ ತಂದಾಗ ಟೊಯೊಟಾ ಹಳೆಯ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯನ್ನೇ ಆರಿಸಿಕೊಂಡದ್ದು ಚಳಿಯಲ್ಲಿನ ಅದರ ನಡವಳಿಕೆಗಾಗಿ. ಎಷ್ಟೋ ಮಾದರಿಗಳಲ್ಲಿ ಬ್ಯಾಟರಿ ಉಸಿರಾಡುವುದು ಕಾರಿನ ಒಳಗಿನ ಗಾಳಿಯನ್ನೇ. ನೀವು ಬೆಚ್ಚಗಾದಂತೆ ಅದೂ ಬೆಚ್ಚಗಾಗುತ್ತದೆ. ಅದು ಗಾಳಿ ಎಳೆದುಕೊಳ್ಳುವ ಹಿಂದಿನ ಸೀಟಿನ ಪಕ್ಕದ ಜಾಲರಿಗೆ ಜಾಕೆಟ್ ಒಡ್ಡಿ ಮುಚ್ಚಬೇಡಿ. ಚಳಿಗಾಲದಲ್ಲಿ ನಿಜವಾಗಿ ಕೈಕೊಡುವುದು ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಎಂಜಿನ್ ತಿರುಗಿಸುವುದಿಲ್ಲ, ಕಂಪ್ಯೂಟರುಗಳನ್ನು ಎಚ್ಚರಿಸುತ್ತದೆ ಅಷ್ಟೆ. ಆದರೆ ಅದು ಸತ್ತರೆ ಕಾರು ಅಲುಗುವುದೇ ಇಲ್ಲ. ಡಿಸೆಂಬರಿಗೆ ಮುಂಚೆ ಅದನ್ನೊಮ್ಮೆ ಪರೀಕ್ಷಿಸಿಟ್ಟುಕೊಳ್ಳಿ.

ಟೈರಿನ ವಿಷಯ ಬಂದಾಗ ನಾನು ಮೈಲೇಜ್ ಪರ ಅಲ್ಲ. ಹೈಬ್ರಿಡ್ ಜೊತೆ ಬರುವ, ಸಲೀಸಾಗಿ ಉರುಳುವ ಟೈರುಗಳ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ. ಚಳಿಗಾಲದ ಟೈರ್ ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿಸಿದರೂ ಹಿಮದ ಮೇಲೆ ನಿಲ್ಲಿಸುವುದು ಅದೇ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನು.

ದಾರಿಯಲ್ಲಿ ಸಿಕ್ಕಿಬಿದ್ದರೆ? 2022ರ ಜನವರಿ ಮೊದಲ ವಾರ ವರ್ಜೀನಿಯಾದಲ್ಲಿ ಇಂಟರ್‌ಸ್ಟೇಟ್ 95 ಹೆದ್ದಾರಿ ಹಿಮದಿಂದ ಕಟ್ಟಿಹೋಗಿ ನೂರಾರು ವಾಹನಗಳು ರಾತ್ರಿಯಿಡೀ ನಿಂತವು. ಸೆನೆಟರ್ ಟಿಮ್ ಕೇನ್ ಅವರ ಪ್ರಯಾಣವೇ 27 ಗಂಟೆ ಹಿಡಿಯಿತು. ಇಂಥ ಹೊತ್ತಿನಲ್ಲಿ ಹೈಬ್ರಿಡ್ ಒಳ್ಳೆಯ ಜೊತೆಗಾರ. ಎಂಜಿನ್ ಸತತ ಓಡಬೇಕಿಲ್ಲ. ಕೂಲಂಟ್ ತಣ್ಣಗಾದಾಗ ಕೆಲವು ನಿಮಿಷ ಹತ್ತಿಕೊಂಡು ಮತ್ತೆ ಆರುತ್ತದೆ. ಸೆಟ್ಟಿಂಗ್ ತಗ್ಗಿಸಿ ಸೀಟಿನ ಬಿಸಿಯ ಮೇಲೆ ಕಾಲ ಕಳೆದರೆ ಅರ್ಧ ಟ್ಯಾಂಕಿನಲ್ಲಿ ರಾತ್ರಿ ದಾಟಿಸಬಹುದು. ಆದರೆ ಸೈಲೆನ್ಸರ್ ಬಾಯಿಗೆ ಹಿಮ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇಳಿದು ಕೊಳವೆಯ ಸುತ್ತ ಹಿಮ ಸರಿಸುತ್ತಲೇ ಇರಬೇಕು, ಒಂದು ಕಿಟಕಿ ಬೆರಳಗಲ ತೆರೆದಿರಬೇಕು. ಮನೆಯ ಗ್ಯಾರೇಜಿನಲ್ಲಿ ಅಪಾಯ ಇನ್ನೂ ಮೋಸದ್ದು. ಹೈಬ್ರಿಡ್ ಸದ್ದಿಲ್ಲದೆ ಚಾಲೂ ಇರುತ್ತದೆ, ಆರಿದೆ ಎಂದುಕೊಂಡು ಒಳಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ತಾನಾಗಿ ಹತ್ತಿಕೊಳ್ಳುತ್ತದೆ. ಕೀಲಿ ತಿರುಗಿಸದೆ ಗುಂಡಿ ಒತ್ತಿ ನಡೆಸುವ ಕಾರುಗಳನ್ನು ಹೀಗೆ ಮರೆತು ಅಮೆರಿಕದಲ್ಲಿ ಹಲವು ಜೀವಗಳು ಹೋಗಿವೆ. ಆಮೇಲೆಯೇ ಟೊಯೊಟಾ ತನ್ನ 2020ರ ಮಾದರಿಗಳಿಂದ ತಾನಾಗಿ ಆರುವ ವ್ಯವಸ್ಥೆ ಸೇರಿಸಿದ್ದು. ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬಾರದು.

ಪ್ಲಗ್ ಚುಚ್ಚಿ ಚಾರ್ಜ್ ಮಾಡುವ ಹೈಬ್ರಿಡ್‌ಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಪ್ರಿಯಸ್ ಪ್ರೈಮ್‌ನಲ್ಲಿ ಬಂದ ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಅಷ್ಟಿಷ್ಟು ಬಿಸಿಯನ್ನು ಹಿಂಡಿ ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟಿಗೆ ಒಂದಕ್ಕಿಂತ ಹೆಚ್ಚು ಯೂನಿಟ್ ಬಿಸಿ. ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೆ ಅದೂ ಸೋತು ಎಂಜಿನ್ನನ್ನೇ ಕರೆಯುತ್ತದೆ. ಗೋಡೆಗೆ ಸಿಕ್ಕಿಸಿದ್ದಾಗಲೇ ಒಳಗನ್ನು ಬೆಚ್ಚಗೆ ಮಾಡಿಟ್ಟುಕೊಂಡು ಹೊರಡುವುದು ಇವುಗಳ ಮಾಲೀಕರಿಗಿರುವ ಅನುಕೂಲ.

ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಅರ್ಬನ್ ಕ್ರೂಸರ್ ಹೈರೈಡರ್ ಹೈಬ್ರಿಡ್‌ಗಳನ್ನು ಓಡಿಸುವವರಿಗೆ ಈ ಶೇ 30ರ ಖೋತಾ ಅನುಭವಕ್ಕೆ ಬರುವುದಿಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಗಿನ 15 ಡಿಗ್ರಿ ಈ ಎಂಜಿನ್ನುಗಳಿಗೆ ಚಳಿಯೇ ಅಲ್ಲ. ಆದರೆ ಚಾರ್ಮಾಡಿಯ ಮಳೆಯಲ್ಲಿ, ಮಡಿಕೇರಿಯ ಕಾವಳದಲ್ಲಿ ಒಳಗಾಜು ಮಬ್ಬಾದಾಗ ಎಂಜಿನ್ ಥಟ್ಟನೆ ಹತ್ತಿಕೊಂಡರೆ ಗಾಬರಿ ಬೇಡ, ಗಾಜು ಒಣಗಿಸುವ ಎಸಿಗೆ ಅದು ಕರೆಂಟ್ ಹುಟ್ಟಿಸುತ್ತಿರಬಹುದು. ಇದೇ ಗಾಡಿಯಲ್ಲಿ ಜನವರಿಯಲ್ಲಿ ಮನಾಲಿಗೋ ಲೇಹ್‌ಗೋ ಹೊರಟವರು ಮಾತ್ರ ಮೂರು ಕೆಲಸ ಮಾಡಿಸಿಕೊಂಡೇ ಹೋಗಬೇಕು: ಕೂಲಂಟಿನಲ್ಲಿ ಹೆಪ್ಪುಗಟ್ಟದ ದ್ರವದ ಪ್ರಮಾಣ ಅಲ್ಲಿನ ಚಳಿಗೆ ಸಾಕೇ ಎಂದು ಅಳೆಸುವುದು, ಗಾಜು ತೊಳೆಯುವ ನೀರನ್ನು ಚೆಲ್ಲಿ ಹೆಪ್ಪುಗಟ್ಟದ ವಾಷರ್ ದ್ರವ ತುಂಬಿಸುವುದು, 12 ವೋಲ್ಟ್ ಬ್ಯಾಟರಿ ನಾಲ್ಕು ವರ್ಷ ಹಳೆಯದಾಗಿದ್ದರೆ ಹೊಸದು ಹಾಕಿಸುವುದು.